ಬೆನ್ನಡಿಯ ಚಳಿ

ವರದೆ ಬಂದು ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಚಳಿಗಾಲದ ಒಂದು ರಾತ್ರಿ ಬಯಲಲ್ಲಿ ಮಲಗುವವರಿಗೆ ಮೂರು ಬಗೆಯ ನೆಲ ಸಿಗುತ್ತದೆ. ನೀರಂಚಿನ ಹಸಿ ಮರಳು, ದಂಡೆಯ ಮೇಲಿನ ಒಣ ಮರಳು, ಊರ ಕಡೆಯ ಕಲ್ಲುಕಟ್ಟೆ. ಬೀಸುವ ಗಾಳಿ ಒಂದೇ, ಹೊದಿಕೆಯೂ ಒಂದೇ. ಆದರೂ ಒಣ ಮರಳಿನ ಮೇಲೆ ಮಲಗಿದವನಿಗೆ ನಿದ್ದೆ ಹತ್ತುತ್ತದೆ, ಕಲ್ಲಿನ ಮೇಲಿನವನು ನಸುಕಿನವರೆಗೂ ಮಗ್ಗುಲು ಬದಲಿಸುತ್ತಿರುತ್ತಾನೆ.

ಕಾರಣ ಗಾಳಿಯಲ್ಲಿದೆ, ಬೀಸುವ ಗಾಳಿಯಲ್ಲಲ್ಲ, ಸಿಕ್ಕಿಕೊಂಡು ನಿಂತ ಗಾಳಿಯಲ್ಲಿ. ಅಲುಗದೆ ನಿಂತ ಗಾಳಿ ಬಿಸಿಯನ್ನು ತೀರಾ ನಿಧಾನವಾಗಿ ದಾಟಿಸುತ್ತದೆ. ನೀರು ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬೇಗ, ಗಟ್ಟಿ ಕಲ್ಲು ಸುಮಾರು ನೂರು ಪಟ್ಟು ಬೇಗ. ಒಣ ಮರಳಿನ ಕಣಗಳ ನಡುವೆ ಇರುವುದು ಗಾಳಿ. ಮರಳು ಹಸಿಯಾದರೆ ಆ ಜಾಗವನ್ನು ನೀರು ಹಿಡಿಯುತ್ತದೆ.

ರಾಣೆಬೆನ್ನೂರು ಸೀಮೆಯ ಕುರಿಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊಲದಲ್ಲಿ ಕುರಿ ತರುಬಿ ಅಲ್ಲೇ ಮಲಗುವವರು ಕಂಬಳಿಯನ್ನು ಮೊದಲು ಮೈಯಡಿಗೆ ಹಾಸುತ್ತಾರೆ, ಮಿಕ್ಕದ್ದನ್ನು ಹೊದೆಯುತ್ತಾರೆ. ಸುರುಳಿಸುರುಳಿಯಾದ ಉಣ್ಣೆಯ ಎಳೆಗಳು ಮೈಭಾರಕ್ಕೂ ಪೂರ್ತಿ ಚಪ್ಪಟೆಯಾಗದೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಇಬ್ಬನಿ ಬಿದ್ದರೂ ಉಣ್ಣೆ ಆ ತೇವವನ್ನು ಎಳೆಯೊಳಗೆ ಹೀರಿಕೊಳ್ಳುತ್ತದೆ, ಹೀರಿಕೊಳ್ಳುವಾಗ ತುಸು ಬಿಸಿಯನ್ನೂ ಹೊರಬಿಡುತ್ತದೆ. ಕರಿ ಕಂಬಳಿಗೆ ಹುಣಸೆಬೀಜದ ಗಂಜಿ ಹಚ್ಚಿದರೆ ಅದು ಬಿರುಸಾಗಿ ನಿಲ್ಲುತ್ತದೆ. ಚಾರಣಿಗರು ಮ್ಯಾಟ್ ಎಂದು ಕರೆಯುವ ವಸ್ತುವಿನ ಎಲ್ಲ ಗುಣವೂ ಅದರಲ್ಲಿದೆ, ತೂಕವೊಂದು ಮಾತ್ರ ಹೆಚ್ಚು. ಎರಡು ಕಿಲೋ ಆಸುಪಾಸಿನ ಕಂಬಳಿಯನ್ನು ಬೆನ್ನಿಗೆ ಕಟ್ಟಿ ಕುಮಾರಪರ್ವತ ಏರುವುದು ಕಷ್ಟ.

ಬೆರಳು ದಪ್ಪದ ಫೋಮ್ ಮ್ಯಾಟಿನ ತೂಕ 400 ಗ್ರಾಂ ಇದ್ದೀತು. ಅದರೊಳಗೆ ಒಂದಕ್ಕೊಂದು ಸೇರದ ಸಣ್ಣ ಸಣ್ಣ ಗುಳ್ಳೆಗಳಿದ್ದು, ಗಾಳಿ ಅವುಗಳಲ್ಲಿ ಸೆರೆಯಾಗಿರುತ್ತದೆ. ಬಿಸಿಯನ್ನು ತಡೆಯುವ ಶಕ್ತಿಯನ್ನು ಆರ್-ವ್ಯಾಲ್ಯೂ ಎಂಬ ಅಂಕಿಯಲ್ಲಿ ಹೇಳುತ್ತಾರೆ. 2018ರಲ್ಲಿ ಇದನ್ನು ಅಳೆಯಲು ಅಮೆರಿಕದಲ್ಲಿ ಒಂದೇ ಮಾನಕ ಬಂತು; ಅದಕ್ಕೂ ಮುಂಚೆ ಕಂಪನಿಗಳು ತಮ್ಮ ತಮ್ಮ ರೀತಿಯಲ್ಲಿ ಅಳೆಯುತ್ತಿದ್ದುದರಿಂದ ಎರಡು ಮ್ಯಾಟುಗಳನ್ನು ಹೋಲಿಸುವಂತಿರಲಿಲ್ಲ.

ಅಂಕಿಯ ಅರ್ಥ ತಿಳಿಯಲು ಒಂದು ಒರಟು ಲೆಕ್ಕ ಹಾಕೋಣ. ಮಲಗಿರುವ ಮನುಷ್ಯನ ಮೈ ಸುಮಾರು 75 ವಾಟ್ ಬಿಸಿ ಹುಟ್ಟಿಸುತ್ತದೆ. ನೆಲಕ್ಕೆ ತಾಗುವ ಮೈ ಅರ್ಧ ಚದರ ಮೀಟರ್, ಚರ್ಮ 33 ಡಿಗ್ರಿ, ನೆಲ 15 ಡಿಗ್ರಿ ಎಂದಿಟ್ಟುಕೊಳ್ಳಿ. ಆರ್ 2ರ ಮ್ಯಾಟಿನ ಮೂಲಕ 25 ವಾಟ್ ನೆಲಕ್ಕಿಳಿಯುತ್ತದೆ. ಮೈ ಅದನ್ನು ತಾಳಿಕೊಳ್ಳುತ್ತದೆ. ಅದೇ ಮ್ಯಾಟನ್ನು ಹಿಮಾಲಯದ ಮೈನಸ್ 10 ಡಿಗ್ರಿಯ ನೆಲದ ಮೇಲೆ ಹಾಸಿದರೆ 60 ವಾಟ್ ಹೋಗುತ್ತದೆ. ಹುಟ್ಟಿದ ಬಿಸಿಯಲ್ಲಿ ಮೈಗೆ ಉಳಿಯುವುದು ಅಲ್ಪ. ಆರ್ 4 ಇದ್ದರೆ ಅದು 30ಕ್ಕೆ ಇಳಿಯುತ್ತದೆ. ದುಬಾರಿ ಸ್ಲೀಪಿಂಗ್ ಬ್ಯಾಗ್ ಇದ್ದರೂ ಇಲ್ಲಿ ನೆರವಿಗೆ ಬಾರದು, ಮೈಯಡಿಯ ಅದರ ತುಪ್ಪಳ ಅಪ್ಪಚ್ಚಿಯಾಗಿ ಗಾಳಿಯನ್ನೆಲ್ಲ ಬಿಟ್ಟುಕೊಟ್ಟಿರುತ್ತದೆ.

ಗಾಳಿ ತುಂಬುವ ಮ್ಯಾಟ್ ಚಿಕ್ಕದಾಗಿ ಮಡಚಿಕೊಳ್ಳುತ್ತದೆ, ಮೆತ್ತಗೂ ಇರುತ್ತದೆ. ಆದರೆ ಬರಿಯ ಟೊಳ್ಳಿನಲ್ಲಿ ಗಾಳಿ ಸುತ್ತಾಡಿ ಬಿಸಿಯನ್ನು ಕೆಳಕ್ಕೆ ಸಾಗಿಸುತ್ತದೆ. ಅದಕ್ಕೇ ಒಳ್ಳೆಯವುಗಳಲ್ಲಿ ಒಳಗೆ ನಾರು ತುಂಬಿರುತ್ತಾರೆ, ಇಲ್ಲವೇ ಮಿರುಗುವ ತೆಳು ಹಾಳೆಗಳನ್ನು ಅಡ್ಡ ಕಟ್ಟಿರುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಅದಕ್ಕಿರುವ ಶತ್ರು ಬಳ್ಳಾರಿ ಜಾಲಿ. ಒಂದೇ ಮುಳ್ಳು ಸಾಕು, ನಡುರಾತ್ರಿ ಬೆನ್ನು ನೆಲಕ್ಕೆ ತಾಗಿರುತ್ತದೆ. ಫೋಮಿಗೆ ಹತ್ತು ಮುಳ್ಳು ಚುಚ್ಚಿದರೂ ಏನೂ ಆಗದು. ಕರ್ನಾಟಕದೊಳಗಿನ ಚಾರಣಕ್ಕೆ, ಬಾದಾಮಿಯ ಬಂಡೆ ಹತ್ತುವವರಿಗೆ, ನಾನು ಹೇಳುವುದು ಫೋಮನ್ನೇ. ಹಿಮದ ಮೇಲೆ ಮಲಗುವವರು ಫೋಮಿನ ಮೇಲೆ ಗಾಳಿ ಮ್ಯಾಟ್ ಹಾಸಲಿ. ಆರ್ ಅಂಕಿಗಳು ಕೂಡುತ್ತವೆ, 2ಕ್ಕೆ 4 ಸೇರಿ 6 ಆಗುತ್ತದೆ. ಮೇಲಿನದು ತೂತಾದರೂ ಕೆಳಗಿನದು ಕಾಯುತ್ತದೆ.

ಇನ್ನೂ ತೂಕ ಇಳಿಸಬೇಕೆಂದರೆ ಮ್ಯಾಟನ್ನು ಭುಜದಿಂದ ಸೊಂಟದ ಕೆಳಗಿನವರೆಗೆ ಅಳೆದು ಕತ್ತರಿಸಬಹುದು. ಕಾಲಡಿಗೆ ಖಾಲಿ ಚೀಲ, ಸುತ್ತಿದ ಹಗ್ಗ ಹಾಸಿದರೆ ನಡೆಯುತ್ತದೆ.

ಕೊಂಡ ಮ್ಯಾಟನ್ನು ಬೆಟ್ಟಕ್ಕೆ ಒಯ್ಯುವ ಮುನ್ನ ಪುಷ್ಯ ಮಾಸದ ಒಂದು ರಾತ್ರಿ ಮನೆಯಂಗಳದ ಕಲ್ಲುಚಪ್ಪಡಿಯ ಮೇಲೆ ಹಾಸಿ ಮಲಗಿ ನೋಡಿ. ಬೆಳಗಿನ ನಾಲ್ಕು ಗಂಟೆಗೆ ಸೊಂಟದ ಎಲುಬನ್ನು, ಭುಜವನ್ನು ಗಮನಿಸಿ. ಮೈಭಾರ ಹೆಚ್ಚು ಬಿದ್ದು ಮ್ಯಾಟ್ ತೆಳ್ಳಗಾಗುವುದು ಅಲ್ಲೇ, ಚಳಿ ಮೊದಲು ಏರುವುದೂ ಅಲ್ಲಿಂದಲೇ.