ಕೆ.ಆರ್.ಎಸ್. ತುಂಬಿದರೆ ಎಷ್ಟು ಲೀಟರ್?

ಪ್ರಶ್ನೆ: ಅಣೆಕಟ್ಟೆಯ ನೀರನ್ನು ಟಿಎಂಸಿಯಲ್ಲಿ ಹೇಳುತ್ತಾರೆ. ಲೀಟರ್, ಘನ ಮೀಟರ್‌ಗೆ ಬದಲಿಸುವುದು ಹೇಗೆ?

ಉತ್ತರ: ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಘನ ಅಡಿಗೆ ಸುಮಾರು 28.317 ಲೀಟರ್, ಹಾಗಾಗಿ ಟಿಎಂಸಿಗೆ ಸುಮಾರು 2,832 ಕೋಟಿ ಲೀಟರ್. ಸಾವಿರ ಲೀಟರಿಗೆ ಒಂದು ಘನ ಮೀಟರ್. ಅಲ್ಲಿಗೆ 2.83 ಕೋಟಿ ಘನ ಮೀಟರ್ ಆಯಿತು.

ಹಲವರು ಎಡವುವುದು ಮುಂದಿನ ಲೆಕ್ಕದಲ್ಲಿ. ಕಿಲೋಮೀಟರಿಗೆ ಸಾವಿರ ಮೀಟರ್ ನಿಜ, ಆದರೆ ಘನ ಕಿಲೋಮೀಟರಿಗೆ ಸಾವಿರ ಘನ ಮೀಟರಲ್ಲ. ಉದ್ದ, ಅಗಲ, ಎತ್ತರ ಮೂರೂ ಸಾವಿರ ಪಟ್ಟು ಹಿಗ್ಗುವುದರಿಂದ ಅದು ನೂರು ಕೋಟಿ ಘನ ಮೀಟರ್.

ಕೆ.ಆರ್.ಎಸ್., ಅಂದರೆ ಕನ್ನಂಬಾಡಿ ಕಟ್ಟೆ, 124.80 ಅಡಿಗೆ ಭರ್ತಿಯಾದಾಗ ಸಂಗ್ರಹ 49.45 ಟಿಎಂಸಿ. ಗುಣಿಸಿದರೆ ಸುಮಾರು 140 ಕೋಟಿ ಘನ ಮೀಟರ್, ಅಂದರೆ 1.4 ಘನ ಕಿಲೋಮೀಟರ್. ಲೀಟರಿನಲ್ಲಿ 1.4 ಲಕ್ಷ ಕೋಟಿ!