ಕಂದು ಹಾಕಿದ ಆಕಳು, ಮನೆಯಲ್ಲಿರುವ ಬಸುರಿ ಮತ್ತು ಮೊಬೈಲಿನ ದಾಖಲೆ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಹಳ್ಳಿಗಳಲ್ಲಿ ಇಂದಿಗೂ ಅನೇಕ ಮನೆಗಳ ರಚನೆ ಒಂದೇ ಬಗೆಯದು. ತಲೆಬಾಗಿಲು ದಾಟಿದರೆ ಒಂದು ಬದಿಗೆ ದನ ಕಟ್ಟುವ ಜಾಗ, ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಒಳಗೆ ಬಾಣಂತಿಯ ಕೋಣೆ. ಸೆಗಣಿ, ಗಂಜಲ, ಹಸಿ ಹಾಲು, ಈದ ಆಕಳಿನ ಮಾಸು ಎಲ್ಲವೂ ಹಸುಗೂಸು ಮಲಗುವ ಜಾಗದಿಂದ ಹತ್ತಿಪ್ಪತ್ತು ಹೆಜ್ಜೆಯೊಳಗೆ ಇರುತ್ತವೆ. ಹೈನುಗಾರಿಕೆಯ ಕೆಲಸದಲ್ಲಿ ಹೆಚ್ಚಿನ ಪಾಲು ಹೆಣ್ಣುಮಕ್ಕಳದು. ಬಸುರಿಯಾದರೂ ದಿನ ಸಮೀಪಿಸುವವರೆಗೆ ಹಾಲು ಹಿಂಡುವುದು, ಸೆಗಣಿ ಬಳಿಯುವುದು ತಪ್ಪುವುದಿಲ್ಲ. ಹೀಗಿರುವಾಗ ದನಗಳ ಒಂದು ರೋಗ ತಾಯಿ ಮತ್ತು ಕೂಸಿಗೆ ಹೇಗೆ ಬರುತ್ತದೆ, ಅದನ್ನು ತಡೆಯಲು ಈಗ ಮನೆಮನೆಯಲ್ಲಿರುವ ಮೊಬೈಲು ಹಾಗೂ ಸರಕಾರದ ಗಣಕಯಂತ್ರದ ದಾಖಲೆಗಳು ಎಷ್ಟರಮಟ್ಟಿಗೆ ನೆರವಾಗುತ್ತವೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ರೋಗದ ಹೆಸರು ಬ್ರುಸೆಲ್ಲೋಸಿಸ್. ಕಂದು ಹಾಕುವ ರೋಗ ಎಂದೂ ಕರೆಯುತ್ತಾರೆ. ಆಕಳು ಅಥವಾ ಎಮ್ಮೆ ಗಬ್ಬದ ಐದು ತಿಂಗಳು ದಾಟಿದ ಮೇಲೆ ಕಂದು ಹಾಕಿದರೆ ಮೊದಲು ಬರಬೇಕಾದ ಸಂಶಯ ಇದು. ಮಾಸು ಬೀಳದೆ ಉಳಿಯುವುದು, ಮುಂದೆ ಗಬ್ಬ ನಿಲ್ಲದೆ ಮತ್ತೆ ಮತ್ತೆ ಬೆದೆಗೆ ಬರುವುದು, ಮೊಣಕಾಲ ಕೀಲು ಊದುವುದು ಇತರ ಲಕ್ಷಣಗಳು. ಕಂದು ಹಾಕಲು ಬೇರೆ ಕಾರಣಗಳೂ ಉಂಟು. ರಕ್ತ ಪರೀಕ್ಷೆಯಿಲ್ಲದೆ ಇದೇ ರೋಗವೆಂದು ಹೇಳಲಾಗದು. ಒಮ್ಮೆ ಕಂದು ಹಾಕಿದ ಆಕಳು ಮುಂದಿನ ಸಲ ದಿನ ತುಂಬಿ ಕರು ಹಾಕುವುದು ಸಾಮಾನ್ಯ. ಆಗ ಯಜಮಾನರು ರೋಗ ಹೋಯಿತೆಂದು ತಿಳಿಯುತ್ತಾರೆ. ಆದರೆ ರೋಗಾಣು ಕೆಚ್ಚಲಿನಲ್ಲಿ ಉಳಿದು ಹಾಲಿನ ಮೂಲಕ, ಮುಂದಿನ ಸಲದ ಮಾಸಿನ ಮೂಲಕ ಹೊರಬೀಳುತ್ತಲೇ ಇರುತ್ತದೆ. ಹೊರಗೆ ಗಟ್ಟಿಮುಟ್ಟಾಗಿ ಕಾಣುವ ಇಂಥ ಆಕಳೇ ಹೆಚ್ಚು ಅಪಾಯಕಾರಿ.

ನಮ್ಮ ಜಿಲ್ಲೆಯಲ್ಲಿಯೇ ಕಂಡದ್ದು

ಇದು ದೂರದ ದೇಶದ ಮಾತಲ್ಲ. ಜಿಲ್ಲೆಗೆ ಇನ್ನೂ ಬಿಜಾಪುರವೆಂಬ ಹೆಸರಿದ್ದಾಗಲೇ ಇಲ್ಲಿಯ ವೈದ್ಯಕೀಯ ಕಾಲೇಜಿನ ಡಾ. ಬಸಪ್ಪ ಮಂಟೂರ ಮತ್ತು ಅವರ ಸಂಗಡಿಗರು ಕಾರಣ ತಿಳಿಯದ ಜ್ವರದಿಂದ ಬಂದವರ ರಕ್ತವನ್ನು ವರ್ಷಗಟ್ಟಲೆ ಪರೀಕ್ಷಿಸಿದರು. 2004ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಈ ರೋಗ ಖಚಿತವಾದ 93 ಮಕ್ಕಳ ವಿವರವಿದೆ. 2006ರ ವರದಿಯಲ್ಲಿ 16 ವರ್ಷಗಳ ಅವಧಿಯಲ್ಲಿ ಕಂಡ 495 ಮಂದಿ ವಯಸ್ಕರ ವಿವರವಿದೆ. ರೋಗ ತಗಲಿದ ಮಕ್ಕಳಲ್ಲಿ ಬಹಳ ಮಂದಿ ಕುರಿ ಕಾಯುವ ಮನೆತನದವರು. ಆಡಿನ ಹಾಲನ್ನು ಕಾಯಿಸದೆ ಕುಡಿಯುವ ರೂಢಿ ಅವರಲ್ಲಿ ಕಂಡುಬಂದಿತ್ತು. ಇವರೆಲ್ಲ ಆಸ್ಪತ್ರೆಗೆ ಬಂದು, ಸರಿಯಾದ ಪರೀಕ್ಷೆಯೂ ಆದವರು ಎಂಬುದನ್ನು ಗಮನಿಸಬೇಕು. ಊರಲ್ಲಿಯೇ ಟೈಫಾಯಿಡ್ ಎಂದು ಸೂಜಿ ಮಾಡಿಸಿಕೊಂಡು ಸುಮ್ಮನಾದವರು ಈ ಲೆಕ್ಕಕ್ಕೆ ಬರುವುದಿಲ್ಲ.

ಮನುಷ್ಯರಲ್ಲಿ ಈ ರೋಗ ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ವಿಪರೀತ ಬೆವರು, ಸೊಂಟ ಮತ್ತು ಕೀಲು ನೋವು, ನಿಶ್ಶಕ್ತಿಯಾಗಿ ತೋರುತ್ತದೆ. ಮಲೇರಿಯಾ, ಟೈಫಾಯಿಡ್, ಕ್ಷಯ ಎಂದು ತಪ್ಪು ತಿಳಿಯುವುದು ಸುಲಭ. ಬಸುರಿಗೆ ಬಂದರೆ ಗರ್ಭಪಾತ ಅಥವಾ ಅಕಾಲ ಹೆರಿಗೆಯ ಭಯವಿದೆ. ಅಪರೂಪವಾಗಿ ಹೊಟ್ಟೆಯಲ್ಲಿರುವ ಕೂಸಿಗೂ, ಎದೆಹಾಲಿನ ಮೂಲಕವೂ ದಾಟಿದ ಉದಾಹರಣೆಗಳಿವೆ. ಸಕಾಲದಲ್ಲಿ ತಿಳಿದರೆ ಔಷಧಿಯಿಂದ ಗುಣವಾಗುವ ರೋಗವಿದು. ಸಾಮಾನ್ಯವಾಗಿ 6 ವಾರ ಬಿಡದೆ ಮಾತ್ರೆ ನುಂಗಬೇಕು. ಆದರೆ ಇದಕ್ಕೆ ಸಾಮಾನ್ಯವಾಗಿ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ಬಸುರಿಗೆ ಸಲ್ಲದು. ಆಕೆಗೆ ವೈದ್ಯರು ಬೇರೆ ಔಷಧಿ ಆರಿಸಬೇಕಾಗುತ್ತದೆ. ಆದ್ದರಿಂದ ಬಸುರಿಯ ಜ್ವರಕ್ಕೆ ಔಷಧ ಅಂಗಡಿಯಿಂದ ಮಾತ್ರೆ ತಂದು ಕೊಡುವ ಕೆಲಸ ಯಾರೂ ಮಾಡಬಾರದು.

ಒಂದು ವಿಷಯವನ್ನು ಸದಸ್ಯರು ವಿಶೇಷವಾಗಿ ಯೋಚಿಸಬೇಕು. ನೀವು ಸಂಘಕ್ಕೆ ಹಾಕಿದ ಹಾಲು ಡೇರಿಯಲ್ಲಿ ಪಾಶ್ಚೀಕರಣಗೊಂಡು ರೋಗಾಣು ಸತ್ತ ಮೇಲೆಯೇ ಪೊಟ್ಟಣದಲ್ಲಿ ಪೇಟೆಗೆ ಹೋಗುತ್ತದೆ. ಪೇಟೆಯ ಕೂಸು ಸುರಕ್ಷಿತ. ಮನೆಗೆಂದು ಉಳಿಸಿಕೊಂಡ ಒಂದು ಲೀಟರಿಗೆ ಅಂಥ ಯಂತ್ರವಿಲ್ಲ. ನಿಮ್ಮ ಒಲೆಯೇ ಯಂತ್ರ. ಹಾಲು ಉಕ್ಕಿ ಬರುವವರೆಗೆ ಕಾಯಿಸಿದರೆ ಸಾಕು. ನೊರೆಹಾಲು ಕುಡಿದರೆ ಶಕ್ತಿ ಬರುತ್ತದೆ ಎಂದು ಬಸುರಿಗೆ, ಮಕ್ಕಳಿಗೆ ಕೊಡುವುದು, ಹಸಿ ಹಾಲಿಗೇ ಹೆಪ್ಪು ಹಾಕುವುದು, ಗಿಣ್ಣವನ್ನು ಅರೆಬರೆ ಬೇಯಿಸುವುದು ಈ ಮೂರೂ ಬಿಡಬೇಕಾದ ರೂಢಿಗಳು. ಆಡಿನ ಹಾಲಿಗೆ ಈ ಮಾತು ಎರಡು ಪಟ್ಟು ಅನ್ವಯಿಸುತ್ತದೆ.

ಬೇರೆ ಬೇರೆ ಪುಸ್ತಕದಲ್ಲಿ ಬರೆದ ಒಂದೇ ರೋಗ

1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯ ಜ್ವರದಿಂದ ಸತ್ತ ಸೈನಿಕರಲ್ಲಿ ಈ ರೋಗಾಣುವನ್ನು ಕಂಡ. 1897ರಲ್ಲಿ ಡೆನ್ಮಾರ್ಕಿನ ಪಶುವೈದ್ಯ ಬರ್ನಾರ್ಡ್ ಬ್ಯಾಂಗ್ ಕಂದು ಹಾಕುವ ಆಕಳುಗಳಲ್ಲಿ ಇನ್ನೊಂದನ್ನು ಕಂಡ. 1905ರಲ್ಲಿ ಮಾಲ್ಟಾದ ಥೆಮಿಸ್ಟೋಕ್ಲಿಸ್ ಝಾಮಿತ್, ಜ್ವರದ ಮೂಲ ಆಡಿನ ಹಾಲು ಎಂದು ತೋರಿಸಿದ. ಸೈನಿಕರಿಗೆ ಆ ಹಾಲು ನಿಲ್ಲಿಸಿದ ಮೇಲೆ ಅವರಲ್ಲಿ ಜ್ವರ ಇಳಿಯಿತು. ಬ್ರೂಸ್ ಕಂಡದ್ದೂ ಬ್ಯಾಂಗ್ ಕಂಡದ್ದೂ ಹತ್ತಿರದ ಸಂಬಂಧಿಗಳು ಎಂದು ಅಮೆರಿಕದ ಆಲಿಸ್ ಇವಾನ್ಸ್ ಎಂಬ ಮಹಿಳೆ 1918ರಲ್ಲಿ ಹೇಳಿದಾಗ ಅನೇಕ ಪಂಡಿತರು ಒಪ್ಪಲಿಲ್ಲ. ಮೂವತ್ತು ವರ್ಷ ಮನುಷ್ಯರ ವೈದ್ಯರು ಒಂದು ಪುಸ್ತಕದಲ್ಲಿ, ದನದ ವೈದ್ಯರು ಇನ್ನೊಂದು ಪುಸ್ತಕದಲ್ಲಿ ಬರೆದಿಟ್ಟರು. ಈಗ ಪುಸ್ತಕ ಹೋಗಿ ಗಣಕಯಂತ್ರ ಬಂದಿದೆ; ಪುಸ್ತಕಗಳು ಮಾತ್ರ ಇನ್ನೂ ಎರಡೇ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು ಆಕಳ ದಾಖಲೆ. ದನದ ಕಿವಿಗೆ ಹಾಕುವ ಹಳದಿ ಓಲೆಯಲ್ಲಿ 12 ಅಂಕಿಯ ಸಂಖ್ಯೆ ಇದೆ. ಅದನ್ನು ಭಾರತ್ ಪಶುಧನ್ ಎಂಬ ಗಣಕ ವ್ಯವಸ್ಥೆಯಲ್ಲಿ ಒತ್ತಿದರೆ ಆ ದನದ ಮಾಲೀಕರು, ಹಾಕಿದ ಲಸಿಕೆ, ಮಾಡಿದ ಕೃತಕ ಗರ್ಭಧಾರಣೆ ತಿಳಿಯುತ್ತವೆ. ಕಾಲುಬಾಯಿ ಬೇನೆ ಮತ್ತು ಕಂದು ರೋಗ ಎರಡನ್ನೂ ಹತೋಟಿಗೆ ತರಲು ಕೇಂದ್ರ ಸರಕಾರ 2019ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಅದರಂತೆ 4ರಿಂದ 8 ತಿಂಗಳೊಳಗಿನ ಹೆಣ್ಣುಗರುಗಳಿಗೆ, ಆಕಳದ್ದಿರಲಿ ಎಮ್ಮೆಯದ್ದಿರಲಿ, ಜೀವಮಾನದಲ್ಲಿ ಒಂದೇ ಸಲ ಲಸಿಕೆ ಹಾಕಲಾಗುತ್ತದೆ. ಗಂಡುಗರುವಿಗೆ, ಗಬ್ಬದ ದನಕ್ಕೆ ಇದನ್ನು ಹಾಕುವುದಿಲ್ಲ. ಇದು ಜೀವಂತ ರೋಗಾಣುವಿನ ಲಸಿಕೆ. ಸೂಜಿ ಚುಚ್ಚಿದರೆ, ಕಣ್ಣಿಗೆ ಸಿಡಿದರೆ ಮನುಷ್ಯನಿಗೂ ರೋಗ ಬರಬಹುದು. ಲಸಿಕೆ ಹಾಕುವಾಗ ಕರು ಹಿಡಿಯಲು ಬಸುರಿ ಹೆಣ್ಣುಮಗಳು ನಿಲ್ಲಬಾರದು.

ನಾಲ್ಕು ತಿಂಗಳ ಈ ಅವಕಾಶ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಕರು ಹುಟ್ಟಿದ ತಾರೀಖು ದಾಖಲೆಯಲ್ಲಿ ಸರಿಯಾಗಿದ್ದರೆ ಯಾವ ಊರಿನಲ್ಲಿ ಎಷ್ಟು ಕರುಗಳು ಲಸಿಕೆಯ ವಯಸ್ಸಿಗೆ ಬಂದಿವೆ ಎಂದು ಮೊದಲೇ ಲೆಕ್ಕ ಹಾಕಬಹುದು. ಓಲೆ ಹಾಕಿದರೆ ಕಿವಿ ಹುಣ್ಣಾಗುತ್ತದೆ, ದನಕ್ಕೆ ತೆರಿಗೆ ಬೀಳುತ್ತದೆ ಎಂದು ಕತ್ತರಿಸಿ ಒಗೆಯುವವರು ಈಗಲೂ ಇದ್ದಾರೆ. ಹುಣ್ಣಿಗೆ ಔಷಧವಿದೆ, ತೆರಿಗೆಯ ಮಾತು ಸುಳ್ಳು. ಇನ್ನು ನೋಂದಣಿಯಲ್ಲಿರುವ ಮೊಬೈಲ್ ಸಂಖ್ಯೆ. ಅನೇಕ ಕಡೆ ಅದು ಪಕ್ಕದ ಮನೆಯವರದೋ, ಸಂಘದ ಕಾರ್ಯದರ್ಶಿಯವರದೋ, ಎಂದೋ ಕೈಬಿಟ್ಟ ಸಿಮ್ಮಿನದೋ ಆಗಿರುತ್ತದೆ. ಪಶು ಆಸ್ಪತ್ರೆಗೆ ಹೋದಾಗ ಮೊದಲು ಅದನ್ನು ಸರಿಪಡಿಸಿಕೊಳ್ಳಿರಿ.

ಈ ಕಾರ್ಯಕ್ರಮದ ಒಂದು ಕೊರತೆಯನ್ನೂ ಹೇಳಬೇಕು. ಕಂದು ರೋಗದ ಈ ಲಸಿಕೆ ಆಕಳು ಮತ್ತು ಎಮ್ಮೆಯ ಕರುಗಳಿಗೆ ಮಾತ್ರ. ವಿಜಯಪುರದ ವೈದ್ಯರು ರೋಗಿಗಳಲ್ಲಿ ಹೆಚ್ಚಾಗಿ ಕಂಡದ್ದು ಆಡು ಕುರಿಗಳಲ್ಲಿ ಇರುವ ಜಾತಿಯ ರೋಗಾಣುವನ್ನು. ಹೊಲಕ್ಕೆ ಗೊಬ್ಬರವಾಗಲೆಂದು ಕುರಿ ಹಿಂಡು ಕೂಡ್ರಿಸುವ ರೂಢಿ ನಮ್ಮಲ್ಲಿದೆ, ಮನೆಗೆರಡು ಆಡುಗಳೂ ಇರುತ್ತವೆ. ಕರುವಿಗೆ ಲಸಿಕೆ ಆಯಿತೆಂದು ಆಡು ಕಂದು ಹಾಕಿದ್ದನ್ನು ಅಲಕ್ಷಿಸಬಾರದು.

ತಾಯಿಯ ದಾಖಲೆ

ಎರಡನೆಯದು ತಾಯಿ ಮತ್ತು ಕೂಸಿನದು. ತಾಯಿ ಕಾರ್ಡು ನಿಮಗೆ ಗೊತ್ತಿರುವುದೇ. ಅದರ ಜೊತೆಗೆ ಬಸುರಿ ಮತ್ತು ಮಕ್ಕಳ ಲಸಿಕೆಗಳನ್ನು ಬರೆದಿಡುವ ಯು-ವಿನ್ ಎಂಬ ವ್ಯವಸ್ಥೆ ಬಂದಿದೆ. 2023ರ ಜನವರಿಯಲ್ಲಿ ದೇಶದ 65 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಆರಂಭಗೊಂಡು ಅನಂತರ ಎಲ್ಲೆಡೆ ಹರಡಿತು. ಮುಂದಿನ ಲಸಿಕೆಯ ದಿನವನ್ನು ಮೊಬೈಲಿಗೆ ಸಂದೇಶವಾಗಿ ಕಳಿಸುತ್ತದೆ. ದೇಶದ ಯಾವ ಸರಕಾರಿ ಕೇಂದ್ರದಲ್ಲಿ ಹಾಕಿಸಿಕೊಂಡರೂ ಒಂದೇ ಲೆಕ್ಕಕ್ಕೆ ಸೇರುತ್ತದೆ.

ನಮ್ಮ ಭಾಗಕ್ಕೆ ಇದರ ಉಪಯೋಗ ಬಹಳ. ಇಂಡಿ ಕಡೆಯ ಸೊಸೆ ಹೆರಿಗೆಗೆ ತವರಿಗೆಂದು ಸೊಲ್ಲಾಪುರ, ಜತ್ತ ಕಡೆಗೆ ಹೋಗುತ್ತಾಳೆ. ಮುದ್ದೇಬಿಹಾಳ, ಬಾಗೇವಾಡಿ ತಾಂಡಾಗಳವರು ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರ, ಗೋವಾಕ್ಕೆ ಮಕ್ಕಳನ್ನು ಕಟ್ಟಿಕೊಂಡೇ ಹೋಗುತ್ತಾರೆ. ಕಾಗದದ ಕಾರ್ಡು ಊರಲ್ಲಿಯೇ ಉಳಿದರೂ ಸಂಖ್ಯೆ ಜೊತೆಗೆ ಬರುತ್ತದೆ. ಆದರೆ ಸಂದೇಶ ಹೋಗುವ ಮೊಬೈಲು ಯಾರ ಕಿಸೆಯಲ್ಲಿದೆ ಎಂಬುದು ಮುಖ್ಯ. ಗಂಡ ದೂರದ ಊರಲ್ಲಿದ್ದು, ಅಲ್ಲಿ ಸಂದೇಶ ಬಂದು ಅಲ್ಲಿಯೇ ಅಳಿಸಿ ಹೋದರೆ ಏನು ಫಲ? ತಾಯಿಯ ಕೈಯಲ್ಲಿರುವ ಮೊಬೈಲಿನ ಸಂಖ್ಯೆಯನ್ನೇ ಬರೆಸಬೇಕು. ಆಕೆಗೆ ಓದಲು ಬಾರದಿದ್ದರೆ ಮನೆಯಲ್ಲಿ ಶಾಲೆಗೆ ಹೋಗುವವರು ಓದಿ ಹೇಳಬೇಕು.

ದನವಿರುವ ಮನೆಗೆ ಧನುರ್ವಾಯು ಲಸಿಕೆ ಇನ್ನಷ್ಟು ಅವಶ್ಯ. ಅದರ ರೋಗಾಣುವಿನ ಬೀಜ ಸೆಗಣಿಯಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ತಾಯಿಯರ ಮತ್ತು ನವಜಾತ ಶಿಶುಗಳ ಧನುರ್ವಾಯು ನಿವಾರಣೆಯಾದ ದೇಶವೆಂದು ಭಾರತಕ್ಕೆ 2015ರಲ್ಲಿ ಮಾನ್ಯತೆ ಸಿಕ್ಕಿತು. ಇದು ಲಸಿಕೆ ಮತ್ತು ಶುಚಿಯಾದ ಹೆರಿಗೆಯಿಂದ ಸಾಧ್ಯವಾದದ್ದು. ಮಣ್ಣಿನಲ್ಲಿರುವ ಬೀಜ ಹೋಗಿಲ್ಲ. ಕೂಸಿನ ಹೊಕ್ಕುಳಿಗೆ ಸೆಗಣಿ, ಬೂದಿ, ಎಣ್ಣೆ ಏನನ್ನೂ ಹಚ್ಚಬಾರದು.

ಕಂದು ಹಾಕಿದ ದಿನ

ಈ ಎರಡು ದಾಖಲೆಗಳಿಗೆ ಪರಸ್ಪರ ಗುರುತಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬಸುರಿಯ ದಾಖಲೆ ತೆರೆದರೆ ಆಕೆಯ ಮನೆಯ ಆಕಳು ಹದಿನೈದು ದಿನದ ಹಿಂದೆ ಕಂದು ಹಾಕಿದ್ದು ಅಲ್ಲಿ ಕಾಣುವುದಿಲ್ಲ. ಆಕಳಿನ ದಾಖಲೆ ತೆರೆದ ಪಶುವೈದ್ಯರಿಗೆ ಅದನ್ನು ಹಿಂಡುವವಳು ಐದು ತಿಂಗಳ ಬಸುರಿ ಎಂದು ತಿಳಿಯುವುದಿಲ್ಲ. ಎರಡೂ ತಿಳಿದಿರುವುದು ನಿಮಗೆ ಮಾತ್ರ. ಒಂದು ಕಡೆಯ ಸುದ್ದಿಯನ್ನು ಇನ್ನೊಂದು ಕಡೆಗೆ ನೀವೇ ಮುಟ್ಟಿಸಬೇಕು.

ಆದ್ದರಿಂದ ಆಕಳು, ಎಮ್ಮೆ, ಆಡು, ಕುರಿ ಯಾವುದೇ ಕಂದು ಹಾಕಿದರೂ ಬಸುರಿ, ಬಾಣಂತಿ, ಚಿಕ್ಕ ಮಕ್ಕಳನ್ನು ಆ ಜಾಗದಿಂದ ದೂರವಿಡಿ. ಕಂದು ಮತ್ತು ಮಾಸನ್ನು ಬರಿಗೈಯಿಂದ ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ಗಟ್ಟಿಯಾದ ಪ್ಲಾಸ್ಟಿಕ್ ಚೀಲವನ್ನು ಮೊಣಕೈವರೆಗೆ ಕಟ್ಟಿಕೊಳ್ಳಬಹುದು. ಅವನ್ನು ತಿಪ್ಪೆಗೆ ಎಸೆದರೆ ನಾಯಿಗಳು ಊರೆಲ್ಲ ಎಳೆದಾಡುತ್ತವೆ. ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ಕೆಳಗಿನ ಹುಲ್ಲನ್ನು ಸುಡಬೇಕು. ಹೂಳುವ ಮೊದಲೇ 1962ಕ್ಕೆ ಅಥವಾ ಸಮೀಪದ ಪಶು ಆಸ್ಪತ್ರೆಗೆ ಫೋನು ಮಾಡಿ ಓಲೆಯ ಸಂಖ್ಯೆ ಹೇಳಿ, ಕಂದು ಹಾಕಿದ್ದನ್ನು ಬರೆದುಕೊಳ್ಳಲು, ಪರೀಕ್ಷೆಗೆ ಮಾದರಿ ತೆಗೆಯಲು ತಿಳಿಸಿ. ಪಶುವೈದ್ಯರು ಹೇಳುವವರೆಗೆ ಆ ದನವನ್ನೂ ಅದರ ಹಾಲನ್ನೂ ಬೇರೆ ಇಡಿ. ಅದನ್ನು ಗುಟ್ಟಾಗಿ ಸಂತೆಗೆ ಹೊಡೆದರೆ ರೋಗ ಇನ್ನೊಬ್ಬ ಸದಸ್ಯರ ಮನೆಗೆ, ಬಹುಶಃ ಇನ್ನೊಬ್ಬ ಬಸುರಿಯ ಮನೆಗೆ ಹೋಗುತ್ತದೆ. ಸಂತೆಯಲ್ಲಿ ದನ ಕೊಳ್ಳುವವರೂ ಹಲ್ಲು, ಕೆಚ್ಚಲು ನೋಡಿದಂತೆ ಓಲೆಯ ಸಂಖ್ಯೆ ಬರೆದುಕೊಂಡು ಪಶು ಆಸ್ಪತ್ರೆಯಲ್ಲಿ ಲಸಿಕೆಯ ವಿವರ ಕೇಳಬೇಕು.

ಅದೇ ದಿನ ಆಶಾ ಕಾರ್ಯಕರ್ತೆಗೆ ಅಥವಾ ನರ್ಸಬಾಯಿಗೆ "ನಮ್ಮ ಆಕಳು ಕಂದು ಹಾಕಿದೆ, ಮನೆಯಲ್ಲಿ ಬಸುರಿ ಇದ್ದಾಳೆ" ಎಂದು ತಿಳಿಸಿ, ತಾಯಿ ಕಾರ್ಡಿನ ಮೇಲೆ ತಾರೀಖು ಸಹಿತ ಬರೆಸಿ. ಕಂದು ಹಾಕಿದ ದನದ ಓಲೆಯನ್ನು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಆಸ್ಪತ್ರೆಯಲ್ಲಿ ತೋರಿಸಲು ಅನುಕೂಲ. ಆಮೇಲಿನ ತಿಂಗಳುಗಳಲ್ಲಿ ಮನೆಯಲ್ಲಿ ಯಾರಿಗೇ ವಾರಕ್ಕಿಂತ ಹೆಚ್ಚು ಜ್ವರ, ಕೀಲು ನೋವು ಬಂದರೂ ವೈದ್ಯರು ಕೇಳದಿದ್ದರೂ ಈ ಮಾತನ್ನು ನೀವಾಗಿ ಹೇಳಬೇಕು. ಆಗ ಅವರು ಬ್ರುಸೆಲ್ಲಾ ರಕ್ತ ಪರೀಕ್ಷೆಯನ್ನು ಯೋಚಿಸುತ್ತಾರೆ.

ನಿಮ್ಮ ಮನೆಯಲ್ಲಿ 4ರಿಂದ 8 ತಿಂಗಳ ಹೆಣ್ಣುಗರು ಇದ್ದಲ್ಲಿ ಅದರ ಹುಟ್ಟಿದ ತಾರೀಖು, ಓಲೆ ಸಂಖ್ಯೆ ಮತ್ತು ಈಗ ಬಳಕೆಯಲ್ಲಿರುವ ಮೊಬೈಲ್ ಸಂಖ್ಯೆಯನ್ನು ಸಂಘದ ಕಾರ್ಯದರ್ಶಿಯವರ ಬಳಿ ಬರೆಸಿರಿ. ಓಲೆ ಬಿದ್ದುಹೋಗಿದ್ದರೆ ಅದನ್ನೂ ತಿಳಿಸಿರಿ.