ಥಾರ್ ಬಯಲಿನ ಹಗಲು ಇಲಿ

ರಾಜಸ್ಥಾನದ ಇಲಿ ಎಂದ ಕೂಡಲೇ ಬಹಳ ಮಂದಿಗೆ ನೆನಪಾಗುವುದು ಬಿಕಾನೇರ್ ಹತ್ತಿರದ ದೇಶ್ನೋಕ್‌ನ ಕರ್ಣಿ ಮಾತಾ ದೇವಸ್ಥಾನ. ಹಾಲಿನ ತಟ್ಟೆಗೆ ಮುತ್ತಿಕೊಂಡ ಆ ಇಲಿಗಳೇ ಮರುಭೂಮಿಯ ಇಲಿಗಳು ಎಂದು ನಂಬಿದವರಿದ್ದಾರೆ. ಅಲ್ಲ. ಅವು ನಮ್ಮ ಅಟ್ಟದಲ್ಲಿ ಓಡಾಡುವ ಕಪ್ಪು ಇಲಿಯ ಜಾತಿಯವೇ. ಥಾರ್‌ನ ಸ್ವಂತ ಇಲಿ ಇರುವುದು ಹೊರಗಿನ ಬಯಲಿನಲ್ಲಿ. ಅದರ ಹೆಸರು ಮರುಭೂಮಿ ಜರ್ಡ್. 1867ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಟಿ. ಸಿ. ಜೆರ್ಡಾನ್.

ಮರುಭೂಮಿಯ ಇಲಿಗಳೆಲ್ಲ ರಾತ್ರಿ ಮಾತ್ರ ಹೊರಬರುತ್ತವೆ ಎಂಬುದು ಇನ್ನೊಂದು ಗಟ್ಟಿ ನಂಬಿಕೆ. ಹಲವು ಜಾತಿಗಳ ಮಟ್ಟಿಗೆ ನಿಜ, ಜರ್ಡ್ ಮಟ್ಟಿಗೆ ಸುಳ್ಳು. ಇದು ಹಗಲಿನ ಪ್ರಾಣಿ. ಬೇಸಿಗೆಯಲ್ಲಿ ಬೆಳಗ್ಗೆ, ಸಂಜೆ ಮೇಯುತ್ತದೆ. ಉರಿಬಿಸಿಲಿನ ಹೊತ್ತು ಬಿಲದ ತಂಪಿನಲ್ಲಿ ಕಳೆಯುತ್ತದೆ. ಚಳಿಗಾಲದಲ್ಲಿ ನಡುಹಗಲೇ ಅದಕ್ಕೆ ಹಿತ. ಹಗಲಲ್ಲಿ ತಿರುಗುವುದರಿಂದಲೇ ಲಗ್ಗರ್ ಡೇಗೆಯಂಥ ಬೇಟೆಹಕ್ಕಿಗಳಿಗೆ ಇದು ಮುಖ್ಯ ಆಹಾರ.

ಮರುಭೂಮಿಯ ಇಲಿ ಕಾಂಗರೂವಿನಂತೆ ಎರಡು ಕಾಲಲ್ಲಿ ಕುಪ್ಪಳಿಸುತ್ತದೆ ಎಂಬ ಚಿತ್ರ ನಮಗೆ ಬಂದದ್ದು ಅಮೆರಿಕದ ಕಾಂಗರೂ ಇಲಿಯಿಂದ, ಅರಬ್ ನಾಡಿನ ಜೆರ್ಬೋವಾದಿಂದ. ಜರ್ಡ್ ನಾಲ್ಕೂ ಕಾಲೂರಿ ಓಡುತ್ತದೆ. ಅಪಾಯದ ಸುಳಿವು ಸಿಕ್ಕಿದರೆ ಹಿಂಗಾಲ ಮೇಲೆ ನೆಟ್ಟಗೆ ನಿಂತು ಸುತ್ತ ನೋಡುತ್ತದೆ, ಅಷ್ಟೆ. ದೇಹ ಗೇಣಿಗಿಂತ ಚಿಕ್ಕದು. ಬೆನ್ನು ಮರಳಿನ ಬಣ್ಣದ ಕಂದು, ಹೊಟ್ಟೆ ಹಳದಿ ಬೆರೆತ ಬಿಳಿ. ಮುಂದಿನ ಹಲ್ಲುಗಳು ಕಿತ್ತಳೆ ಬಣ್ಣದವು. ಬಿಲ ತೋಡಲು ಉದ್ದನೆಯ ಕಪ್ಪು ಉಗುರುಗಳಿವೆ. ಬಾಲ ಬೋಳಲ್ಲ, ತುಂಬ ಕೂದಲು. ತುದಿಯಲ್ಲಿ ಕಪ್ಪು ಕುಚ್ಚು. ಗುರುತಿಗೆ ಈ ಬಾಲವೊಂದೇ ಸಾಕು ಎನ್ನುವುದು ತಪ್ಪು, ಏಕೆಂದರೆ ಕರ್ನಾಟಕದ ಹೊಲಗಳಲ್ಲೂ ಇರುವ ಇದರ ಬಂಧು ಜೆರ್ಬಿಲ್‌ನ ಬಾಲದ ತುದಿಗೂ ಕುಚ್ಚಿದೆ. ಆದರೆ ಜೆರ್ಬಿಲ್ ರಾತ್ರಿಯ ಪ್ರಾಣಿ. ಅದರ ಕಣ್ಣು ದೊಡ್ಡದು, ಬಾಲ ದೇಹಕ್ಕಿಂತ ಉದ್ದ. ಜರ್ಡ್ ನಮ್ಮ ರಾಜ್ಯದಲ್ಲಿಲ್ಲ. ಆಗ್ನೇಯ ಇರಾನ್‌ನಿಂದ ಪಾಕಿಸ್ತಾನದ ಮೂಲಕ ರಾಜಸ್ಥಾನ, ಹರಿಯಾಣ, ಕಛ್‌ವರೆಗೆ ಅದರ ನೆಲೆ. ಆ ನೆಲೆಯೊಳಗೂ ಗಾಳಿಗೆ ಸರಿಯುವ ಮರಳುದಿಬ್ಬದ ನೆತ್ತಿಯನ್ನು, ಕಲ್ಲುಗುಡ್ಡವನ್ನು ಅದು ಒಲ್ಲದು. ಬಿಲ ಕುಸಿಯದಂಥ ಗಟ್ಟಿ ಮರಳಿನ ಬಯಲು ಬೇಕು.

ಮೈಯೊಳಗೆ ನೀರು ಕೂಡಿಟ್ಟುಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ಕೂಡಿಡುವುದಿಲ್ಲ, ಕಳೆದುಕೊಳ್ಳುವುದು ತೀರ ಕಡಿಮೆ. ಮೂತ್ರಪಿಂಡ ಮೂತ್ರವನ್ನು ಬಹಳ ಗಾಢವಾಗಿಸುತ್ತದೆ. ಬೀಜ, ಎಲೆ, ಬೇರುಗಳಲ್ಲಿನ ತೇವ ಮತ್ತು ಆಹಾರ ಅರಗುವಾಗ ಮೈಯೊಳಗೇ ಹುಟ್ಟುವ ನೀರು ಅದಕ್ಕೆ ಆಧಾರ.

ಹಾಗಿದ್ದರೆ ಮರಳುಗಾಡಿಗೆ ನೀರು ಬಂದರೆ ಇದಕ್ಕೂ ಸುಖವಲ್ಲವೇ? ನನಗೆ ಎಲ್ಲಕ್ಕಿಂತ ಕಳವಳ ತರುವ ತಪ್ಪು ಕಲ್ಪನೆ ಇದೇ. ಇಂದಿರಾ ಗಾಂಧಿ ಕಾಲುವೆಯ ನೀರು ಹರಿದು ನೆಲ ತೇವವಾದ ಕಡೆ ಜರ್ಡ್ ಹಿಂದೆ ಸರಿದಿದೆ. ಆ ಹೊಲಗಳಿಗೆ ಈಗ ಒದ್ದೆ ಮಣ್ಣು ಬಯಸುವ ಹೆಗ್ಗಣದ ಜಾತಿಯವು ಬಂದು ಸೇರಿಕೊಂಡಿವೆ.